ಗೇರು ಕೈಯಲ್ಲೇ ಇರಬೇಕೆನ್ನುವವರು ಯಾವ ಸ್ಪೋರ್ಟ್ಸ್ ಕಾರು ಕೊಳ್ಳಬೇಕು?

ಬಾಗಲಕೋಟೆ: ಎಡಗಾಲಿನಿಂದ ಕ್ಲಚ್ ಅದುಮಿ, ಎಡಗೈಯಿಂದ ಗೇರು ಬದಲಿಸಿ ಓಡಿಸುವ ವೇಗದ ಕಾರೊಂದನ್ನು ಕೊಳ್ಳಬಯಸುವವರ ಮುಂದೆ ಇಂದು ಉಳಿದಿರುವ ದಾರಿಗಳು ಬೆರಳೆಣಿಕೆಯಷ್ಟು. 2025ರ ಮೇ ತಿಂಗಳಲ್ಲಿ ಭಾರತಕ್ಕೆ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಹಾಗೂ ಅದೇ ವರ್ಷದ ಅಕ್ಟೋಬರ್‌ನಲ್ಲಿ ಮರಳಿ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಎರಡೂ 265 ಅಶ್ವಶಕ್ತಿಯವು. ಎರಡರ ಬೆಲೆಯೂ ಐವತ್ತು ಲಕ್ಷ ರೂಪಾಯಿಯ ಆಸುಪಾಸು. ಎರಡರಲ್ಲೂ ಕ್ಲಚ್ ಪೆಡಲ್ ಇಲ್ಲ. ಇದೇ ಆಕ್ಟೇವಿಯಾ ಆರ್‌ಎಸ್ 2004ರಲ್ಲಿ ಮೊದಲ ಬಾರಿಗೆ ಭಾರತಕ್ಕೆ ಬಂದಾಗ 1.8 ಲೀಟರ್ ಟರ್ಬೊ ಎಂಜಿನ್ ಜೊತೆಗೆ ಐದು ಗೇರುಗಳ ಮ್ಯಾನುಯಲ್ ಪೆಟ್ಟಿಗೆ ಇತ್ತು ಎಂಬುದನ್ನು ನೆನೆದರೆ ಎರಡು ದಶಕಗಳಲ್ಲಿ ಗಾಳಿ ಯಾವ ಕಡೆ ಬೀಸಿದೆ ಎಂಬುದು ತಿಳಿಯುತ್ತದೆ.

ಹಾಗೆಂದು ಮ್ಯಾನುಯಲ್ ಕಾರಿನ ಮೋಹಿತರು ನಿರಾಶರಾಗಬೇಕಿಲ್ಲ. ಹತ್ತು ಹದಿನೈದು ಲಕ್ಷದೊಳಗೆ ಹೊಸ ಕಾರುಗಳೂ, ಅದಕ್ಕಿಂತ ಕಡಿಮೆಗೆ ಒಳ್ಳೆಯ ಹಳೆಯ ಕಾರುಗಳೂ ಇವೆ. ಆದರೆ ಆಯ್ಕೆ ಮಾಡುವಾಗ ಬಹುತೇಕರು ನೋಡುವುದು ಅಶ್ವಶಕ್ತಿಯ ಅಂಕಿಯನ್ನು. ಕಾರು ನಿತ್ಯ ಓಡಬೇಕಾದ ರಸ್ತೆಯನ್ನು ನೋಡುವವರು ವಿರಳ. ಬೆಂಗಳೂರಿನ ಷೋರೂಮಿನಲ್ಲಿ ಕಣ್ಣು ಕೋರೈಸಿದ ಕಾರು ಐಹೊಳೆಯ ಊರೊಳಗಿನ ಓಣಿಯಲ್ಲಿ ಹೊಟ್ಟೆ ಉಜ್ಜಿಕೊಂಡು ನಿಂತ ಪ್ರಸಂಗಗಳಿಗೆ ಈ ಭಾಗದಲ್ಲಿ ಬರವಿಲ್ಲ. ಆದುದರಿಂದ ಈ ಲೇಖನದಲ್ಲಿ ಮೊದಲು ರಸ್ತೆಯ ಮಾತು, ನಂತರ ಕಾರಿನ ಮಾತು.

ಒಂದೇ ಸುತ್ತಿನಲ್ಲಿ ನಾಲ್ಕು ಬಗೆಯ ರಸ್ತೆ

ಬಾಗಲಕೋಟೆಯಿಂದ ಗುಳೇದಗುಡ್ಡ ಮಾರ್ಗವಾಗಿ ಬಾದಾಮಿ, ಅಲ್ಲಿಂದ ಪಟ್ಟದಕಲ್ಲು, ಐಹೊಳೆ, ಅಮೀನಗಡ, ಹುನಗುಂದ, ಕೊನೆಗೆ ಇಳಕಲ್. ನೂರೈವತ್ತು ಕಿಲೋಮೀಟರಿಗೆ ಮೀರದ ಈ ಪ್ರಯಾಣವು ರಾಜ್ಯದ ಬಹುತೇಕ ಬಗೆಯ ರಸ್ತೆಗಳನ್ನು ಒಂದೇ ದಿನದಲ್ಲಿ ತೋರಿಸಿಬಿಡುತ್ತದೆ. ಬೇರೆ ಜಿಲ್ಲೆಯ ಓದುಗರು ತಮ್ಮ ಊರಿನ ಸುತ್ತಲಿನ ರಸ್ತೆಗಳನ್ನು ಇದಕ್ಕೆ ಹೋಲಿಸಿ ನೋಡಿಕೊಳ್ಳಬಹುದು.

ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೆಯ ಊರಿನ ಬಹುಭಾಗ ಬಿಟ್ಟುಕೊಟ್ಟ ಬಾಗಲಕೋಟೆಗೆ ನವನಗರ ಎಂಬ ಯೋಜಿತ ಪಟ್ಟಣ ದೊರೆಯಿತು. ಸೆಕ್ಟರುಗಳಾಗಿ ವಿಂಗಡಿಸಿದ ಇಲ್ಲಿನ ರಸ್ತೆಗಳು ಅಗಲವಾಗಿವೆ, ನೇರವಾಗಿವೆ. ಆದರೆ ಅಡ್ಡರಸ್ತೆಗಳು ಹೆಚ್ಚು, ರಸ್ತೆ ಉಬ್ಬುಗಳು ಇನ್ನೂ ಹೆಚ್ಚು. ಇಲ್ಲಿ ಮೊದಲ ಮೂರು ಗೇರುಗಳಿಗೇ ಕೆಲಸ. ಗುಳೇದಗುಡ್ಡ ದಾಟಿ ಬಾದಾಮಿ ಸಮೀಪಿಸುತ್ತಿದ್ದಂತೆ ಕೆಂಪು ಮರಳುಗಲ್ಲಿನ ಗುಡ್ಡಗಳ ನಡುವೆ ರಸ್ತೆ ತಿರುವು ಪಡೆಯುತ್ತದೆ, ಏರಿಳಿಯುತ್ತದೆ. ಮ್ಯಾನುಯಲ್ ಕಾರಿನ ನಿಜವಾದ ಸುಖ ಇರುವುದು ಇಲ್ಲಿಯೇ: ತಿರುವಿಗೆ ಮುನ್ನ ನಾಲ್ಕರಿಂದ ಮೂರಕ್ಕೆ, ಏರು ಕಡಿದಾದರೆ ಎರಡಕ್ಕೆ, ತಿರುವು ಮುಗಿದೊಡನೆ ಮತ್ತೆ ಮೂರಕ್ಕೆ. ಪಟ್ಟದಕಲ್ಲು, ಐಹೊಳೆಗಳ ನಡುವಣ ರಸ್ತೆ ಹೊಲಗಳ ನಡುವೆ ಸಾಗುವ ಕಿರಿದಾದ ದಾರಿ. ಊರು ಬಂದಾಗ ಎತ್ತಿನ ಗಾಡಿಗೂ ಪ್ರವಾಸಿಗರ ಬಸ್ಸಿಗೂ ಅದೇ ದಾರಿ. ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡು ಹುನಗುಂದದ ಕಡೆ ತಿರುಗಿದರೆ ರಾಷ್ಟ್ರೀಯ ಹೆದ್ದಾರಿ ಎದುರಾಗುತ್ತದೆ.

ಹಿಂದೆ 13 ಎಂಬ ಸಂಖ್ಯೆ ಹೊತ್ತಿದ್ದು ಈಗ 50 ಆಗಿರುವ ಈ ಹೆದ್ದಾರಿ ವಿಜಯಪುರದಿಂದ ಬಂದು ಹುನಗುಂದ, ಇಳಕಲ್, ಕುಷ್ಟಗಿ ದಾಟಿ ಹೊಸಪೇಟೆಯತ್ತ ಸಾಗುತ್ತದೆ. ವಿಜಯಪುರ–ಹುನಗುಂದ ನಡುವಿನ ಸುಮಾರು 97 ಕಿ.ಮೀ. ಹಾಗೂ ಹುನಗುಂದ–ಹೊಸಪೇಟೆ ನಡುವಿನ ಹೆಚ್ಚೂಕಡಿಮೆ ಅಷ್ಟೇ ಉದ್ದದ ಭಾಗಗಳು ಚತುಷ್ಪಥವಾಗಿವೆ. ಇಲ್ಲಿ ಕಾರು ಆರನೇ ಗೇರಿಗೆ ಬಿದ್ದು ಹಾಗೆಯೇ ಉಳಿಯುತ್ತದೆ. ಹೇಳಬೇಕೆಂದರೆ, ಈ ಸುತ್ತಿನಲ್ಲಿ ಅತ್ಯಂತ ಬೇಸರದ ಭಾಗ ಇದೇ. ಇನ್ನೂರು ಅಶ್ವಶಕ್ತಿ ಇದ್ದರೂ ನೂರು ಇದ್ದರೂ ಕಾನೂನಿನೊಳಗೆ ಓಡಿಸುವವನಿಗೆ ಚತುಷ್ಪಥ ಹೆದ್ದಾರಿಯಲ್ಲಿ ವ್ಯತ್ಯಾಸ ಗೊತ್ತಾಗುವುದು ಕಡಿಮೆ. ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಅಧಿಸೂಚನೆಯು ಕಾರುಗಳಿಗೆ ವಿಭಜಿತ ಚತುಷ್ಪಥ ರಸ್ತೆಯಲ್ಲಿ ಗಂಟೆಗೆ 100 ಕಿ.ಮೀ., ಇತರ ರಸ್ತೆಗಳಲ್ಲಿ 70 ಕಿ.ಮೀ. ಗರಿಷ್ಠ ಮಿತಿಯನ್ನು ನಿಗದಿಪಡಿಸಿತ್ತು. ಸ್ಥಳೀಯ ಫಲಕದಲ್ಲಿ ಇದಕ್ಕಿಂತ ಕಡಿಮೆ ಇದ್ದರೆ ಅದನ್ನೇ ಪಾಲಿಸಬೇಕು.

ಇದರಿಂದ ಹೊರಡುವ ಮಾತು ಸರಳ. ನಮ್ಮ ರಸ್ತೆಗಳಲ್ಲಿ ಚಾಲನೆಯ ಆನಂದ ದೊರೆಯುವುದು ಗಂಟೆಗೆ 40ರಿಂದ 80 ಕಿ.ಮೀ. ವೇಗದೊಳಗೆ, ಎರಡನೇ ಗೇರಿನಿಂದ ನಾಲ್ಕನೇ ಗೇರಿನವರೆಗೆ. ಆ ವ್ಯಾಪ್ತಿಯಲ್ಲಿ ಚುರುಕಾಗಿರುವ, ಹಗುರವಾದ, 100ರಿಂದ 150 ಅಶ್ವಶಕ್ತಿಯ ಕಾರು ಅದರ ಎರಡು ಪಟ್ಟು ಶಕ್ತಿಯ ಕಾರಿಗಿಂತ ಹೆಚ್ಚು ಸಂತೋಷ ಕೊಡುತ್ತದೆ. ಜಗತ್ತಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ತಯಾರಾಗಿರುವ ಜಪಾನಿನ ಮಾಜ್ದಾ ಎಂಎಕ್ಸ್-5 ಎಂಬ ಎರಡು ಆಸನದ ಕಾರು 1989ರಿಂದ ಇದೇ ತತ್ವದ ಮೇಲೆ ನಿಂತಿದೆ: ತೂಕ ಸುಮಾರು ಒಂದು ಟನ್, ಎಂಜಿನ್ ಸಾಧಾರಣ, ಗೇರುಪೆಟ್ಟಿಗೆ ಅತ್ಯುತ್ತಮ. ಅದು ಭಾರತದಲ್ಲಿ ಅಧಿಕೃತವಾಗಿ ಮಾರಾಟವಾಗಲಿಲ್ಲ ಎಂಬುದು ಬೇರೆ ಮಾತು.

ನಮ್ಮವರೂ ಒಂದು ಮಾಡಿದ್ದರು

ಭಾರತದಲ್ಲಿ ಇಂತಹ ಕಾರು ಆಗಲೇ ಇಲ್ಲವೆನ್ನುವಂತಿಲ್ಲ. ಬೆಂಗಳೂರಿನಲ್ಲಿ ನೆಲೆಯಿದ್ದ ಸ್ಯಾನ್ ಸಮೂಹವು 1998ರಲ್ಲಿ ‘ಸ್ಯಾನ್ ಸ್ಟಾರ್ಮ್’ ಎಂಬ ಎರಡು ಆಸನದ ಕಾರನ್ನು ಹೊರತಂದಿತು. ಗೋವಾದಲ್ಲಿ ತಯಾರಾದ ಇದಕ್ಕೆ ಫೈಬರ್ ಗ್ಲಾಸ್ ಮೈ, ಮಡಚುವ ಬಟ್ಟೆಯ ಚಾವಣಿ, 1149 ಸಿಸಿಯ ರೆನೊ ಎಂಜಿನ್, ಐದು ಗೇರು. ಶಕ್ತಿ 60ರ ಆಸುಪಾಸು. ವೇಗದ ದೃಷ್ಟಿಯಿಂದ ಅದು ಸ್ಪೋರ್ಟ್ಸ್ ಕಾರು ಹೌದೋ ಅಲ್ಲವೋ ಎಂಬ ಚರ್ಚೆ ಆಗಲೂ ಇತ್ತು. ಇಂದು ಹಳೆಯ ಸ್ಟಾರ್ಮ್ ಒಂದು ಮಾರಾಟಕ್ಕೆ ಬಂದರೆ ಆಸೆ ಹುಟ್ಟುವುದು ಸಹಜ. ಸಂಗ್ರಹಕ್ಕಾದರೆ ಕೊಳ್ಳಿ, ನಿತ್ಯದ ಓಡಾಟಕ್ಕಾದರೆ ಬೇಡ. ಬಿಡಿಭಾಗಗಳ ಹುಡುಕಾಟವೇ ಒಂದು ಉದ್ಯೋಗವಾದೀತು. ಮೇಲಾಗಿ ಬಾದಾಮಿಯ ಗುಹೆಗಳ ಬಳಿ ಬಟ್ಟೆ ಚಾವಣಿಯ ಕಾರನ್ನು ನಿಲ್ಲಿಸಿ ಮೆಟ್ಟಿಲೇರಿದರೆ ಇಳಿದು ಬರುವಷ್ಟರಲ್ಲಿ ಅಲ್ಲಿನ ಕೋತಿಗಳು ಅದರ ಪರೀಕ್ಷೆಯನ್ನು ಪೂರ್ಣಗೊಳಿಸಿರುತ್ತವೆ.

ಹೊಸ ಕಾರುಗಳ ಪೈಕಿ

ಕೋಟಿ ರೂಪಾಯಿಯ ಮಾತನ್ನು ಮೊದಲೇ ಮುಗಿಸಿಬಿಡೋಣ. ಬಿಎಂಡಬ್ಲ್ಯು ಕಂಪೆನಿ 2023ರಲ್ಲಿ ಎಂ2 ಕಾರನ್ನು ಆರು ಗೇರುಗಳ ಮ್ಯಾನುಯಲ್ ಆಯ್ಕೆಯೊಂದಿಗೆ ಭಾರತಕ್ಕೆ ತಂದಿತು. 2025ರಲ್ಲಿ ಝೆಡ್4ಕ್ಕೂ ಮ್ಯಾನುಯಲ್ ಬಂತು. ಎರಡೂ ಹಿಂದಿನ ಚಕ್ರಗಳಿಂದ ಚಲಿಸುವ ಅಪ್ಪಟ ಸ್ಪೋರ್ಟ್ಸ್ ಕಾರುಗಳು. ಅದಕ್ಕೆ ಹಣವಿರುವವರಿಗೆ ಈ ಲೇಖನದ ಅಗತ್ಯ ಕಡಿಮೆ. ಉಳಿದವರ ಗಮನಕ್ಕೆ ಬರಬೇಕಾದವು ಬೇರೆ.

ಹ್ಯುಂಡೈ ಐ20 ಎನ್ ಲೈನ್ 2021ರಲ್ಲಿ ಬಂದಾಗ ಕ್ಲಚ್ ಪೆಡಲ್ ಇಲ್ಲದ ವಿಚಿತ್ರ ಮ್ಯಾನುಯಲ್ ಒಂದನ್ನು ಹೊಂದಿತ್ತು. ಗೇರು ಬದಲಿಸುವುದು ಚಾಲಕ, ಕ್ಲಚ್ ನೋಡಿಕೊಳ್ಳುವುದು ಯಂತ್ರ. 2023ರ ಪರಿಷ್ಕರಣೆಯಲ್ಲಿ ಅದನ್ನು ತೆಗೆದು ನಿಜವಾದ ಆರು ಗೇರಿನ ಮ್ಯಾನುಯಲ್ ಅಳವಡಿಸಲಾಯಿತು. ಎಂದರೆ ಹಳೆಯದನ್ನು ಕೊಳ್ಳುವವರು ವರ್ಷವನ್ನು ಸರಿಯಾಗಿ ನೋಡಬೇಕು. 998 ಸಿಸಿಯ ಮೂರು ಸಿಲಿಂಡರ್ ಟರ್ಬೊ ಎಂಜಿನ್ 120 ಅಶ್ವಶಕ್ತಿ, 172 ನ್ಯೂಟನ್ ಮೀಟರ್ ಟಾರ್ಕ್ ನೀಡುತ್ತದೆ. ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕು. ಸ್ಟಿಯರಿಂಗ್ ಹಾಗೂ ಸಸ್ಪೆನ್ಷನ್ ಸಾಮಾನ್ಯ ಐ20ಗಿಂತ ಬಿಗಿಯಾಗಿವೆ. ಸೈಲೆನ್ಸರಿನ ದನಿಯೂ ಕೊಂಚ ಗಡಸು. ಸುರಕ್ಷತೆಯಲ್ಲಿ ಮಾತ್ರ ಒಂದು ಎಚ್ಚರಿಕೆ: 2022ರ ಗ್ಲೋಬಲ್ ಎನ್‌ಸಿಎಪಿ ಡಿಕ್ಕಿ ಪರೀಕ್ಷೆಯಲ್ಲಿ ಎರಡು ಏರ್‌ಬ್ಯಾಗಿನ ಐ20 ಪಡೆದದ್ದು ಮೂರು ತಾರೆ. ಆರು ಏರ್‌ಬ್ಯಾಗುಗಳು ಎಲ್ಲ ಮಾದರಿಗೂ ಬಂದದ್ದು ಆ ಬಳಿಕ.

ಟಾಟಾ ಸಂಸ್ಥೆಯ ಆಲ್ಟ್ರೋಜ್ ರೇಸರ್ 2024ರ ಜೂನ್‌ನಲ್ಲಿ ಬಿಡುಗಡೆಯಾಯಿತು. 1.2 ಲೀಟರ್ ಟರ್ಬೊ, 120 ಅಶ್ವಶಕ್ತಿ, 170 ನ್ಯೂಟನ್ ಮೀಟರ್, ಆರು ಗೇರು. ಆಟೊಮ್ಯಾಟಿಕ್ ಆಯ್ಕೆಯನ್ನೇ ಕೊಡದೆ ಮ್ಯಾನುಯಲ್ ಒಂದರಲ್ಲೇ ಬಿಡುಗಡೆ ಮಾಡಿದ್ದು ಮೆಚ್ಚತಕ್ಕ ಸಂಗತಿ. ಆಲ್ಟ್ರೋಜ್ ಮಾದರಿಯು 2020ರಲ್ಲಿ ವಯಸ್ಕರ ಸುರಕ್ಷತೆಗೆ ಐದು ತಾರೆ ಪಡೆದಿತ್ತು. ರೇಸರ್ ಮಾದರಿಯನ್ನು ಈಗ ಬಹುಪಾಲು ಬಳಸಿದ ಕಾರುಗಳ ಮಾರುಕಟ್ಟೆಯಲ್ಲಿಯೇ ಹುಡುಕಬೇಕು. ಸಿಕ್ಕರೆ ಹೆಚ್ಚು ಹಳೆಯದಾಗಿರುವುದಿಲ್ಲ ಎಂಬುದೇ ಅನುಕೂಲ.

ಸೆಡಾನ್ ಬೇಕೆನ್ನುವವರಿಗೆ ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ ಹಾಗೂ ಅದರ ಸೋದರ ಸ್ಕೋಡಾ ಸ್ಲಾವಿಯಾ ಇವೆ. 1.5 ಲೀಟರ್ ಟಿಎಸ್ಐ ಎಂಜಿನ್, 150 ಅಶ್ವಶಕ್ತಿ, 250 ನ್ಯೂಟನ್ ಮೀಟರ್. 2022ರಲ್ಲಿ ವರ್ಟಸ್ ಬಂದಾಗ ಈ ಎಂಜಿನ್ನಿಗೆ ಆಟೊಮ್ಯಾಟಿಕ್ ಮಾತ್ರ ಇತ್ತು. ಮ್ಯಾನುಯಲ್ ಸೇರಿದ್ದು 2023ರಲ್ಲಿ. ಹ್ಯುಂಡೈ ವೆರ್ನಾದ 1.5 ಲೀಟರ್ ಟರ್ಬೊ 160 ಅಶ್ವಶಕ್ತಿಯದು, ಆರು ಗೇರಿನ ಮ್ಯಾನುಯಲ್‌ನೊಂದಿಗೆ 2023ರಲ್ಲಿ ಬಂತು. ವರ್ಟಸ್, ಸ್ಲಾವಿಯಾ, ವೆರ್ನಾ ಮೂರಕ್ಕೂ 2023ರ ಗ್ಲೋಬಲ್ ಎನ್‌ಸಿಎಪಿ ಪರೀಕ್ಷೆಗಳಲ್ಲಿ ಐದು ತಾರೆ. ವರ್ಟಸ್‌ನ ನೆಲದಂತರ 179 ಮಿ.ಮೀ. ಎಂಬುದು ನಮ್ಮ ಉಬ್ಬುಗಳ ಮಟ್ಟಿಗೆ ದೊಡ್ಡ ಅನುಕೂಲ. ಕಂಪೆನಿಗಳು ಪ್ರತಿ ವರ್ಷ ಸದ್ದಿಲ್ಲದೆ ಮ್ಯಾನುಯಲ್ ಮಾದರಿಗಳನ್ನು ಪಟ್ಟಿಯಿಂದ ಕೈಬಿಡುತ್ತಿರುವುದರಿಂದ ಮುಂಗಡ ಕೊಡುವ ಮುನ್ನ ಬೇಕಾದ ಎಂಜಿನ್ನಿಗೆ ಬೇಕಾದ ಗೇರುಪೆಟ್ಟಿಗೆ ಇದೆಯೇ ಎಂಬುದನ್ನು ವಿತರಕರಿಂದ ಬರಹದಲ್ಲಿ ಪಡೆದುಕೊಳ್ಳುವುದು ಒಳಿತು.

ತೆರಿಗೆಯ ಲೆಕ್ಕವನ್ನೂ ಇಲ್ಲಿಯೇ ಹೇಳಬೇಕು. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರದಂತೆ ನಾಲ್ಕು ಮೀಟರಿಗೆ ಮೀರದ, 1200 ಸಿಸಿಗೆ ಮೀರದ ಪೆಟ್ರೋಲ್ ಕಾರುಗಳಿಗೆ ಶೇ. 18, ಉಳಿದವಕ್ಕೆ ಶೇ. 40 ತೆರಿಗೆ. ಐ20 ಎನ್ ಲೈನ್ ಮೊದಲ ಗುಂಪಿಗೆ ಸೇರುತ್ತದೆ. ವರ್ಟಸ್, ಸ್ಲಾವಿಯಾ, ವೆರ್ನಾ ಎರಡನೆಯದಕ್ಕೆ. ಇದರ ಮೇಲೆ ಕರ್ನಾಟಕದ ಜೀವಾವಧಿ ರಸ್ತೆ ತೆರಿಗೆ. ಐದರಿಂದ ಹತ್ತು ಲಕ್ಷದವರೆಗಿನ ಕಾರಿಗೆ ಶೇ. 14, ಹತ್ತರಿಂದ ಇಪ್ಪತ್ತು ಲಕ್ಷದವರೆಗೆ ಶೇ. 17, ಅದಕ್ಕೂ ಮೇಲೆ ಶೇ. 18, ತೆರಿಗೆಯ ಮೇಲೆ ಶೇ. 11 ಉಪಕರ ಬೇರೆ. ಹತ್ತು ಲಕ್ಷದ ಗೆರೆ ಎಷ್ಟು ದುಬಾರಿ ಎಂಬುದನ್ನು ನೋಡಿ: 9.90 ಲಕ್ಷದ ಕಾರಿಗೆ ಉಪಕರ ಸೇರಿ ಸುಮಾರು 1.54 ಲಕ್ಷ ರೂಪಾಯಿ ತೆರಿಗೆಯಾದರೆ, 10.10 ಲಕ್ಷದ ಕಾರಿಗೆ ಸುಮಾರು 1.91 ಲಕ್ಷ. ಚಾವಣಿಯ ಕಿಟಕಿಗೆ ಇಪ್ಪತ್ತು ಸಾವಿರ ಹೆಚ್ಚು ಎಂದು ಕೊಂಡವರು ಸರ್ಕಾರಕ್ಕೆ ಇನ್ನೂ ಮೂವತ್ತೇಳು ಸಾವಿರ ಸೇರಿಸಿ ಕೊಟ್ಟಂತಾಗುತ್ತದೆ.

ಬಳಸಿದ ಕಾರುಗಳು: ಆಸೆಯೂ ಅಪಾಯವೂ

ನಿಜ ಹೇಳುವುದಾದರೆ, ಹೊಸ ಕಾರುಗಳ ಪಟ್ಟಿಗಿಂತ ಬಳಸಿದ ಕಾರುಗಳ ಪಟ್ಟಿಯೇ ರಸವತ್ತಾಗಿದೆ. 2001ರಲ್ಲಿ ಬಂದ ಫಿಯೆಟ್ ಪ್ಯಾಲಿಯೊ 1.6, ‘ಜೋಶ್ ಮಷೀನ್’ ಎಂದು ಹೆಸರಾದ ಫೋರ್ಡ್ ಐಕಾನ್ 1.6, ಮೊದಲ ಆಕ್ಟೇವಿಯಾ ಆರ್‌ಎಸ್, 2011ರ 160 ಅಶ್ವಶಕ್ತಿಯ ಲಾರಾ ಆರ್‌ಎಸ್ ಇವೆಲ್ಲ ಒಂದು ಪೀಳಿಗೆಯ ಯುವಕರ ನಿದ್ದೆಗೆಡಿಸಿದ ಕಾರುಗಳು. ಆದರೆ ಪ್ಯಾಲಿಯೊ, ಐಕಾನ್‌ಗಳ ಕಾಲದಲ್ಲಿ ಎಬಿಎಸ್ ಬ್ರೇಕು ಕಡ್ಡಾಯವಾಗಿರಲಿಲ್ಲ. ಎಲ್ಲ ಹೊಸ ಕಾರುಗಳಿಗೂ ಅದು ಕಡ್ಡಾಯವಾದದ್ದು 2019ರಿಂದ. ಹಳೆಯ ಕಾರಿನ ವೇಗ ಇಂದಿಗೂ ಸಾಲುತ್ತದೆ, ಬ್ರೇಕು ಸಾಲುವುದಿಲ್ಲ. ಈ ಕಾರಣಕ್ಕೆ ಅವನ್ನು ಕುಟುಂಬದ ಏಕೈಕ ಕಾರಾಗಿ ಕೊಳ್ಳುವುದನ್ನು ಈ ಲೇಖಕ ಒಪ್ಪುವುದಿಲ್ಲ.

ಪರಿಗಣಿಸತಕ್ಕವು ಮೂರು. 2017ರಿಂದ 2020ರವರೆಗೆ ಮಾರಾಟವಾದ ಮಾರುತಿ ಬಲೆನೊ ಆರ್‌ಎಸ್ 102 ಅಶ್ವಶಕ್ತಿಯ ಒಂದು ಲೀಟರ್ ಬೂಸ್ಟರ್‌ಜೆಟ್ ಎಂಜಿನ್, ಐದು ಗೇರು, ನಾಲ್ಕು ಡಿಸ್ಕ್ ಬ್ರೇಕುಗಳನ್ನು ಹೊಂದಿದೆ. ತೂಕ ಸುಮಾರು 950 ಕಿಲೊ. ಅಂಕಿಗಳಲ್ಲಿ ಸಾಧಾರಣವಾಗಿ ಕಂಡರೂ ಬಾದಾಮಿಯ ತಿರುವುಗಳಿಗೆ ಇಷ್ಟು ಒಪ್ಪುವ ಕಾರು ವಿರಳ. 2020ರಿಂದ 2022ರವರೆಗಿನ ಫೋಕ್ಸ್‌ವ್ಯಾಗನ್ ಪೋಲೊ 1.0 ಟಿಎಸ್ಐ 110 ಅಶ್ವಶಕ್ತಿ, 175 ನ್ಯೂಟನ್ ಮೀಟರ್, ಆರು ಗೇರಿನದು. ಮೈಕಟ್ಟು ಗಟ್ಟಿ, ಗೇರು ಬೀಳುವ ರೀತಿ ಖಚಿತ. ಮೂರನೆಯದು 2015ರ ಅಕ್ಟೋಬರ್‌ನಲ್ಲಿ ಬಂದ ಅಬಾರ್ತ್ ಪುಂಟೊ. 1368 ಸಿಸಿ ಟರ್ಬೊ, 145 ಅಶ್ವಶಕ್ತಿ, 212 ನ್ಯೂಟನ್ ಮೀಟರ್, ಐದು ಗೇರು. ಹ್ಯಾಚ್‌ಬ್ಯಾಕುಗಳ ಪೈಕಿ ಇದರಷ್ಟು ಹುರುಪಿನದು ಈ ಬೆಲೆಗೆ ಮತ್ತೆ ಬರಲಿಲ್ಲ. ಆದರೆ ನೆಲದಂತರ 155 ಮಿ.ಮೀ. ಮಾತ್ರ. ಫಿಯೆಟ್ ಭಾರತದಲ್ಲಿ ಕಾರು ಮಾರಾಟವನ್ನು ನಿಲ್ಲಿಸಿ ವರ್ಷಗಳೇ ಆಗಿವೆ. ಮನೆಯಲ್ಲಿ ಇನ್ನೊಂದು ಕಾರಿದ್ದು, ಪರಿಚಯದ ಮೆಕ್ಯಾನಿಕ್ ಒಬ್ಬರಿದ್ದರೆ ಮಾತ್ರ ಇದರ ಗೊಡವೆಗೆ ಹೋಗಬೇಕು.

ಸೇವಾ ಕೇಂದ್ರದ ದೂರವನ್ನು ಬೆಲೆಯ ಒಂದು ಭಾಗವೆಂದೇ ಎಣಿಸಬೇಕು. ಮಾರುತಿ, ಹ್ಯುಂಡೈ, ಟಾಟಾ ಕಾರುಗಳಿಗೆ ಬಾಗಲಕೋಟೆಯಲ್ಲಿಯೇ ಸೇವೆ ದೊರೆಯುತ್ತದೆ. ಸ್ಕೋಡಾ, ಫೋಕ್ಸ್‌ವ್ಯಾಗನ್ ಮಾಲೀಕರು ಹುಬ್ಬಳ್ಳಿ ಅಥವಾ ಬೆಳಗಾವಿಯ ಕಡೆ ಮುಖ ಮಾಡಬೇಕು. ಇಳಕಲ್‌ನಲ್ಲಿ ಕ್ಲಚ್ ಕೈಕೊಟ್ಟ ಕಾರನ್ನು ನೂರು ಕಿಲೋಮೀಟರಿಗೂ ಹೆಚ್ಚು ದೂರ ಲಾರಿಯ ಮೇಲೆ ಸಾಗಿಸಿದ ವೆಚ್ಚ ಯಾವ ಜಾಹೀರಾತಿನಲ್ಲಿಯೂ ಇರುವುದಿಲ್ಲ.

ಕ್ಲಚ್ ಪರೀಕ್ಷೆ

ಇದನ್ನು ಅನುಭವದಿಂದಲೇ ಹೇಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಈ ವರದಿಗಾರ ಪರ ಊರಿನ ಮಾರಾಟಗಾರರೊಬ್ಬರಿಂದ ಬಳಸಿದ ಟರ್ಬೊ ಹ್ಯಾಚ್‌ಬ್ಯಾಕ್ ಒಂದನ್ನು ಕೊಂಡಿದ್ದ. ಒಬ್ಬರೇ ಮಾಲೀಕರು, ಕಡಿಮೆ ಓಡಿದೆ, ಬಣ್ಣ ಹೊಳೆಯುತ್ತಿದೆ. ಎರಡನೇ ವಾರ, ಐಹೊಳೆಯಿಂದ ಅಮೀನಗಡದ ದಾರಿಯಲ್ಲಿ ನಾಲ್ವರು ಕುಳಿತಿದ್ದಾಗ ಎಂಜಿನ್ನಿನ ಸದ್ದು ಏರುತ್ತ ಹೋಯಿತು, ಕಾರಿನ ವೇಗ ಇಳಿಯುತ್ತ ಬಂತು. ಸುಟ್ಟ ವಾಸನೆ. ಎಂಜಿನ್ನಿನ ಕಂಪ್ಯೂಟರನ್ನು ತಿದ್ದಿ ಶಕ್ತಿ ಹೆಚ್ಚಿಸಿ ಓಡಿಸಿ, ಮಾರುವ ಮುನ್ನ ಮೊದಲಿನ ಸ್ಥಿತಿಗೆ ತಂದಿದ್ದ ಕಾರು ಅದು ಎಂದು ಗ್ಯಾರೇಜಿನವರು ಬಿಚ್ಚಿ ನೋಡಿ ಹೇಳಿದರು. ಕಂಪ್ಯೂಟರು ಮೊದಲಿನಂತಾದರೂ ಸವೆದ ಕ್ಲಚ್ ಮೊದಲಿನಂತಾಗುವುದಿಲ್ಲ.

ಹತ್ತು ನಿಮಿಷದ ಪರೀಕ್ಷೆಯೊಂದು ಆ ಹಣವನ್ನು ಉಳಿಸುತ್ತಿತ್ತು. ಖಾಲಿ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ನಾಲ್ಕನೇ ಗೇರಿಗೆ ಹಾಕಿ ಆಕ್ಸಿಲರೇಟರನ್ನು ಪೂರ್ತಿ ಅದುಮಬೇಕು. ವೇಗದೊಂದಿಗೆ ಎಂಜಿನ್ ಸುತ್ತು ನಿಧಾನವಾಗಿ ಏರಿದರೆ ಸರಿ. ವೇಗ ಏರದೆ ಸುತ್ತು ಮಾತ್ರ ಜಿಗಿದರೆ ಕ್ಲಚ್ ಜಾರುತ್ತಿದೆ ಎಂದರ್ಥ. ಪೆಡಲ್ ಬಹುತೇಕ ಪೂರ್ತಿ ಮೇಲೆ ಬಂದ ಮೇಲಷ್ಟೇ ಕ್ಲಚ್ ಹಿಡಿಯುವುದೂ ಅದೇ ಸೂಚನೆ. ಮೂರರಿಂದ ಎರಡಕ್ಕೆ ಇಳಿಸುವಾಗ ಕರಕರ ಸದ್ದು ಬಂದರೆ ಎರಡನೇ ಗೇರಿನ ಸಿಂಕ್ರೊ ಸವೆದಿದೆ. ಬೆಳಿಗ್ಗೆ ತಣ್ಣಗಿರುವಾಗಲೇ ಎಂಜಿನ್ ಚಾಲೂ ಮಾಡಿಸಿ, ನೀಲಿ ಹೊಗೆ ಬರುವುದೇ ನೋಡಬೇಕು. ಟರ್ಬೊ ಎಣ್ಣೆ ಕುಡಿಯುತ್ತಿರುವುದಕ್ಕೆ ಅದು ಸಾಕ್ಷಿಯಾಗಬಹುದು. ಲಿಫ್ಟಿನ ಮೇಲೇರಿಸಿ ಕೆಳಭಾಗ ಪರೀಕ್ಷಿಸಿದರೆ ಆ ಕಾರು ಎಷ್ಟು ಉಬ್ಬುಗಳನ್ನು ಉಜ್ಜಿದೆ ಎಂಬುದು ಬರೆದಿಟ್ಟಂತೆ ಕಾಣುತ್ತದೆ.

ಟೈರುಗಳ ವಿಷಯದಲ್ಲಿ ದೊಡ್ಡ ಚಕ್ರದ ಮೋಹ ಬೇಡ. ಐ20 ಎನ್ ಲೈನ್, ಬಲೆನೊ ಆರ್‌ಎಸ್, ಅಬಾರ್ತ್ ಪುಂಟೊ ಮೂರೂ 195/55 ಆರ್16 ಅಳತೆಯವು. ಇದರ ರಬ್ಬರ್ ಗೋಡೆಯ ಎತ್ತರ ಸುಮಾರು 107 ಮಿ.ಮೀ. ಗ್ರಾನೈಟ್ ಹೊತ್ತ ಲಾರಿಗಳು ಕೊರೆದ ಗುಂಡಿಗಳಿಗೆ ಇದೇ ಕನಿಷ್ಠ ಎನ್ನಬಹುದು. 17, 18 ಇಂಚಿನ ಚಕ್ರ ಹಾಕಿಸಿದರೆ ನೋಟ ಚೆಂದ, ಆದರೆ ಮೊದಲ ಗುಂಡಿಗೇ ಅಲಾಯ್ ಬಿರುಕು ಬಿಟ್ಟೀತು. ಇನ್ನುಳಿದ ಮಾರ್ಪಾಡುಗಳಿಗೂ ಮಿತಿ ಇದೆ. ಕಂಪೆನಿಯ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪಿತ್ತಿದೆ. ಕಿವಿಗಡಚಿಕ್ಕುವ ಸೈಲೆನ್ಸರ್ ಇರುವ ಕಾರನ್ನು ಕೊಂಡವರು ಅದರೊಡನೆ ದಂಡವನ್ನೂ ಕೊಂಡಂತೆ.

ಕಬ್ಬಿನ ಟ್ರ್ಯಾಕ್ಟರು ಮತ್ತು ಎರಡನೇ ಗೇರು

ಮಳೆಗಾಲ ಮುಗಿದು ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸಲು ಆರಂಭಿಸಿದೊಡನೆ ಜಿಲ್ಲೆಯ ರಸ್ತೆಗಳ ಸ್ವರೂಪವೇ ಬದಲಾಗುತ್ತದೆ. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಗಂಟೆಗೆ 25 ಕಿ.ಮೀ. ವೇಗದಲ್ಲಿ ಸಾಲುಗಟ್ಟುತ್ತವೆ. ಅನೇಕವಕ್ಕೆ ಹಿಂಬದಿಯ ದೀಪವೂ ಇರುವುದಿಲ್ಲ, ಪ್ರತಿಫಲಕವೂ ಇರುವುದಿಲ್ಲ. ಇವನ್ನು ಹಿಂದಿಕ್ಕುವುದೇ ಇಲ್ಲಿನ ಚಾಲಕರ ನಿತ್ಯದ ಪರೀಕ್ಷೆ.

ಲೆಕ್ಕ ಹೀಗಿದೆ. ಟ್ರ್ಯಾಕ್ಟರು 25ರಲ್ಲಿ, ನೀವು 60ರಲ್ಲಿ ಇದ್ದರೆ, ಅದರ ಹಿಂದಿನಿಂದ ಹೊರಬಂದು ಮುಂದೆ ಸೇರಲು ಸುಮಾರು 40 ಮೀಟರ್ ಅಂತರವನ್ನು ಗಳಿಸಬೇಕು. ಅದಕ್ಕೆ ನಾಲ್ಕು ಸೆಕೆಂಡು. ಅಷ್ಟರಲ್ಲಿ ನಿಮ್ಮ ಕಾರು 70 ಮೀಟರ್, ಎದುರಿನಿಂದ 80ರ ವೇಗದಲ್ಲಿ ಬರುವ ವಾಹನ 90 ಮೀಟರ್ ಸಾಗಿರುತ್ತವೆ. ಎಂದರೆ 160 ಮೀಟರ್ ಖಾಲಿ ರಸ್ತೆ ಕಣ್ಣಿಗೆ ಕಾಣಲೇಬೇಕು. 25ರಿಂದ 60ಕ್ಕೆ ಏರುವ ಸಮಯವನ್ನೂ ಸೇರಿಸಿದರೆ ಇದರ ಎರಡರಷ್ಟು ಎಂದು ಇಟ್ಟುಕೊಳ್ಳುವುದು ಕ್ಷೇಮ. ಸಣ್ಣ ಟರ್ಬೊ ಎಂಜಿನ್ನುಗಳು ಕಡಿಮೆ ಸುತ್ತಿನಲ್ಲಿ ಮಂಕಾಗಿರುತ್ತವೆ. ಟ್ರ್ಯಾಕ್ಟರಿನ ಹಿಂದೆ ಮೂರನೇ ಗೇರಿನಲ್ಲಿ ತೆವಳುತ್ತ, ಹಾಗೆಯೇ ಆಕ್ಸಿಲರೇಟರ್ ಒತ್ತಿ ಹೊರಬಂದವರು ಎದುರು ಪಥದಲ್ಲಿ ಟರ್ಬೊ ಎಚ್ಚರಗೊಳ್ಳುವುದನ್ನು ಕಾಯುತ್ತಾರೆ. ಮ್ಯಾನುಯಲ್ ಕಾರಿನಲ್ಲಿ ಈ ತೀರ್ಮಾನ ಚಾಲಕನದು: ಹೊರಬರುವ ಮುನ್ನವೇ ಎರಡನೇ ಗೇರು. ಮೊದಲ ಕೆಲವು ವಾರ ಬೆಳಗಿನ ಹೊತ್ತಿನಲ್ಲಿ ಇದನ್ನು ರೂಢಿಸಿಕೊಳ್ಳುವವರೆಗೆ ರಾತ್ರಿಯ ಪ್ರಯಾಣ ಬೇಡ.

ಕಾಗದಪತ್ರ

ಬಳಸಿದ ಕಾರಿನ ಹೆಸರು ಬದಲಾವಣೆಗೆ ನಮೂನೆ 29 ಮತ್ತು 30 ಬೇಕು. ಸಾಲದ ಕಾರಾಗಿದ್ದರೆ ಬ್ಯಾಂಕು ಸಹಿ ಮಾಡಿದ ನಮೂನೆ 35, ಹೊರರಾಜ್ಯದ್ದಾದರೆ ನಮೂನೆ 28ರ ನಿರಾಕ್ಷೇಪಣಾ ಪತ್ರ. ದೆಹಲಿ ಕಡೆಯ ಕಾರುಗಳು ಅಗ್ಗವೆಂದು ಕೊಳ್ಳುವವರು ಇಲ್ಲಿ ಕಟ್ಟಬೇಕಾದ ರಸ್ತೆ ತೆರಿಗೆಯನ್ನು ಮೊದಲು ಲೆಕ್ಕಹಾಕಿದರೆ ಅಗ್ಗವೆಂಬುದು ಬಹಳಷ್ಟು ಕರಗಿಹೋಗುತ್ತದೆ. ನೋಂದಣಿಗೆ 15 ವರ್ಷ ತುಂಬಿದ ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿದೆ. ಬಾಕಿ ಇರುವ ದಂಡಗಳನ್ನು ‘ಪರಿವಾಹನ್’ ತಾಣದಲ್ಲಿ ವಾಹನ ಸಂಖ್ಯೆ ನೀಡಿ ನೋಡಬಹುದು. ವಿಮೆಯನ್ನು 14 ದಿನಗಳೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು; ಹಿಂದಿನ ಮಾಲೀಕರ ‘ನೋ ಕ್ಲೇಮ್’ ರಿಯಾಯಿತಿ ನಿಮಗೆ ಬರುವುದಿಲ್ಲ.

ಪೆಟ್ರೋಲಿನ ವಿಷಯ ಕೊನೆಯದು. ಬಂಕುಗಳಲ್ಲಿ ಈಗ ಸಿಗುತ್ತಿರುವುದು ಶೇ. 20ರಷ್ಟು ಎಥೆನಾಲ್ ಬೆರೆತ ಇಂಧನ. 2023ರ ಏಪ್ರಿಲ್ ನಂತರ ತಯಾರಾದ ಕಾರುಗಳನ್ನು ಇದಕ್ಕೆ ಹೊಂದುವಂತೆ ರೂಪಿಸಲಾಗಿದೆ. ಅದಕ್ಕಿಂತ ಹಳೆಯವುಗಳಲ್ಲಿ ಇಂಧನ ಕೊಳವೆಗಳು ಹಾಗೂ ರಬ್ಬರ್ ಸೀಲುಗಳು ಬೇಗ ಗಟ್ಟಿಯಾಗುವ ಸಂಭವವಿರುವುದರಿಂದ ಪುಂಟೊ, ಬಲೆನೊ ಆರ್‌ಎಸ್, ಪೋಲೊ ಕೊಂಡವರು ಮೊದಲ ಸರ್ವಿಸಿನಲ್ಲಿಯೇ ಅವನ್ನು ಪರೀಕ್ಷಿಸಿ ಬದಲಿಸಿಕೊಳ್ಳುವುದು ಉತ್ತಮ. ಗಾಳಿ ಶೋಧಕವನ್ನೂ ಅದೇ ದಿನ ನೋಡಿಸಬೇಕು. ಇಳಕಲ್ ಸುತ್ತಲಿನ ಕಲ್ಲು ಗಣಿಗಳ ಧೂಳು, ಬೇಸಿಗೆಯಲ್ಲಿ ಎರೆಮಣ್ಣಿನ ಹುಡಿ ಸೇರಿ ಅದನ್ನು ಕಂಪೆನಿಯ ಪುಸ್ತಕದಲ್ಲಿ ಹೇಳಿದ ಅವಧಿಗೆ ಬಹಳ ಮುನ್ನವೇ ಮುಚ್ಚಿಹಾಕುತ್ತವೆ.